ಜಹಗೀರಿಯಲ್ಲಿ ಹುಟ್ಟಿದ ಪೇಟೆ

ನಾನಿರುವ ಎಸ್.ಎಸ್. ಬಡಾವಣೆ ದಾವಣಗೆರೆಯ ಹೊಸ ಭಾಗ. ಊರಿನ ಇತಿಹಾಸ ಬೇಕೆಂಬವರು ಹಳೆಯ ಪೇಟೆಗೇ ಹೋಗಬೇಕು. ಹರಿಹರಕ್ಕೆ ದೇವಾಲಯವಿದೆ, ಚಿತ್ರದುರ್ಗಕ್ಕೆ ಕೋಟೆಯಿದೆ. ನಮ್ಮೂರು ಹೇಳಿಕೊಂಡು ಬಂದದ್ದು ವ್ಯಾಪಾರವನ್ನು. ಆ ವ್ಯಾಪಾರ ಬೇರೂರಿದ್ದು ಅರಸನೊಬ್ಬನು ತನ್ನ ಹುಟ್ಟುವಳಿಯನ್ನು ಬಿಟ್ಟುಕೊಟ್ಟದ್ದರಿಂದ.

ಹದಿನೆಂಟನೆಯ ಶತಮಾನದಲ್ಲಿ ಇದು ಹೆಸರಿಲ್ಲದ ಹಳ್ಳಿ. ಹೈದರಾಲಿ ಇದನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಿಯಾಗಿ ಕೊಟ್ಟನು. ಆತನು ವರ್ತಕರನ್ನು ಪ್ರೋತ್ಸಾಹಿಸಿ ನೆಲೆಗೊಳಿಸಿದನೆಂದು ರೈಸರ ಮೈಸೂರು ಗೆಜೆಟಿಯರು ಹೇಳುತ್ತದೆ. ಜಹಗೀರಿಯೆಂದರೆ ಊರಿನ ಉತ್ಪನ್ನ ಜಹಗೀರುದಾರನಿಗೆ ಸಲ್ಲುವ ಏರ್ಪಾಡು. ಅಂಗಡಿಗಳು ಹೆಚ್ಚಿದಷ್ಟೂ ಅವನಿಗೆ ಲಾಭ. ವರ್ತಕನನ್ನು ಈ ವರ್ಷ ಸುಲಿದರೆ ಮರುವರ್ಷ ಅವನು ಇಲ್ಲಿರುವುದೇ ಇಲ್ಲ. ತುಂಗಭದ್ರೆಯ ಆಚೆ ಮರಾಠರಿದ್ದ ಕಾಲದಲ್ಲಿ, ದಂಡು ಯಾವಾಗ ಹೊಳೆ ದಾಟೀತೆಂಬ ಅಳುಕಿನ ನಡುವೆ, ಗಂಟು ಬಿಚ್ಚಿ ಅಂಗಡಿ ಇಡಲು ಈ ಭರವಸೆ ಬೇಕೇ ಬೇಕಾಗಿತ್ತು. ಆಪೋಜಿರಾಮನು ಸಂತಾನವಿಲ್ಲದೆ ತೀರಿಕೊಂಡನು; ಟಿಪ್ಪು ಸುಲ್ತಾನನೂ ಆ ಪ್ರೋತ್ಸಾಹವನ್ನು ಮುಂದುವರಿಸಿದನು.

ಬೆಂಗಳೂರಿನಲ್ಲಿ ಅದೇ ಟಿಪ್ಪುವಿನ ನಡೆ ಬೇರೆ. 1800ರಲ್ಲಿ ಅಲ್ಲಿಗೆ ಬಂದ ಬುಕಾನನ್ ಬರೆದಂತೆ, ಆರ್ಕಾಟು ಮತ್ತು ಹೈದರಾಬಾದುಗಳನ್ನು ಆಳುವವರ ಮೇಲಿನ ಹಗೆಯಿಂದ ಆ ಸೀಮೆಗಳೊಡನೆ ವ್ಯಾಪಾರವನ್ನೇ ಅವನು ನಿಲ್ಲಿಸಿದನು. ಸಾಲದ್ದಕ್ಕೆ ಸರ್ಕಾರದ ಸರಕನ್ನು ವರ್ತಕರ ಮೇಲೆ ಹೆಚ್ಚಿನ ಬೆಲೆಗೆ ಹೇರಿದನು. ಬುಕಾನನ್ ಕಂಪನಿಯ ನೌಕರ, ಸೋತ ಶತ್ರುವಿನ ವಿಷಯದಲ್ಲಿ ಅವನ ಮಾತನ್ನು ಸ್ವಲ್ಪ ತೂಗಿಯೇ ತೆಗೆದುಕೊಳ್ಳಬೇಕು. ಆದರೂ ಇದನ್ನು ತಳ್ಳಿಹಾಕಲು ನನಗೆ ಮನಸ್ಸಾಗದು. ಹಗೆಯವನ ಬಾಗಿಲು ಮುಚ್ಚಲು ಹೋಗಿ ತನ್ನ ಸುಂಕದ ಕಟ್ಟೆಯನ್ನೇ ಬರಿದು ಮಾಡಿಕೊಂಡ ಅರಸರು ಇವನೊಬ್ಬನೇ ಅಲ್ಲ.

ಲೆಕ್ಕ ತೀರಿಸುವ ಹೊತ್ತು 1792ರಲ್ಲಿ ಬಂದಿತು. ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ಸಲ್ಲುವತನಕ ಇಬ್ಬರು ಮಕ್ಕಳು ಒತ್ತೆ. ಬೊಕ್ಕಸದಿಂದಷ್ಟೇ ಅದು ತೀರಲಿಲ್ಲ, ಭಾರ ಪ್ರಜೆಗಳ ಮೇಲೂ ಬಿದ್ದಿತು. ವ್ಯಾಪಾರ ಬತ್ತಿದ ಪೇಟೆಯಲ್ಲಿ ಕೂಡಿಸುವುದಾದರೂ ಏನನ್ನು? 1799ರ ಅನಂತರ, ಪೂರ್ಣಯ್ಯನವರ ಆಡಳಿತದಲ್ಲಿ, ಬೆಂಗಳೂರಿಗೆ ಜನ ಹಿಂದಿರುಗುತ್ತಿದ್ದುದನ್ನು ಬುಕಾನನ್ ಕಂಡನು.

ಇತ್ತ ದಾವಣಗೆರೆಯ ವ್ಯಾಪಾರವೂ ಆರ್ಕಾಟಿನ ಕಡೆಯದೇ. ನಗರ ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಯ ವರ್ತಕರ ಮೂಲಕ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದರಾಸಿನಲ್ಲಿ ಇಳಿದ ಯೂರೋಪು, ಚೀನಾಗಳ ಸರಕೂ ಉಪ್ಪೂ ಅಲ್ಲಿಂದ ಬರುತ್ತಿದ್ದವು. ಟಿಪ್ಪು ಮಡಿದು ಮುಕ್ಕಾಲು ಶತಮಾನ ಕಳೆದ ಮೇಲೆ ರೈಸರು ಗೆಜೆಟಿಯರು ಬರೆದಾಗಲೂ ಊರಿನ ಮುಖ್ಯ ವ್ಯಾಪಾರ ಅದೇ ಆಗಿದ್ದಿತು.