ಮಕ್ಕಳ ಥೈರಾಯಿಡ್ ಗಂಟು ಮತ್ತು ಸೂಜಿ ಪರೀಕ್ಷೆ: ಪೋಷಕರ ಮಾಹಿತಿಗಾಗಿ

ಥೈರಾಯಿಡ್ ಗ್ರಂಥಿಯು ಕುತ್ತಿಗೆಯ ಮುಂಭಾಗದಲ್ಲಿರುತ್ತದೆ. ಮಕ್ಕಳಲ್ಲಿ ಈ ಗ್ರಂಥಿಯು ಒಟ್ಟಾರೆಯಾಗಿ ಊದಿಕೊಳ್ಳುವ ಗಳಗಂಡವು ಪರಿಚಿತ ತೊಂದರೆ. ಗ್ರಂಥಿಯ ಒಂದು ಕಡೆ ಮಾತ್ರ ಗಂಟು ಮೂಡುವುದು ವಿರಳ. ಆದರೆ ಮಕ್ಕಳಲ್ಲಿ ಇಂತಹ ಗಂಟು ಕ್ಯಾನ್ಸರ್ ಆಗಿರುವ ಸಂಭವವು ವಯಸ್ಕರಿಗಿಂತ ಹೆಚ್ಚು. ಹಾಗೆ ಕಂಡುಬಂದರೂ ಸಕಾಲಿಕ ಚಿಕಿತ್ಸೆಯಿಂದ ಬಹುಪಾಲು ಮಕ್ಕಳು ಗುಣ ಹೊಂದುತ್ತಾರೆ. ನೋವಿಲ್ಲವೆಂಬ ಕಾರಣಕ್ಕೆ ತಪಾಸಣೆಯನ್ನು ಮುಂದೂಡುವುದು ಸರಿಯಲ್ಲ.

ಉಗುಳು ನುಂಗುವಾಗ ಮೇಲೆ ಕೆಳಗೆ ಸರಿಯುವ ಗಂಟು, ಧ್ವನಿ ಬದಲಾವಣೆ, ಕುತ್ತಿಗೆಯ ಪಕ್ಕದಲ್ಲಿ ಗಡ್ಡೆ ಕಂಡಲ್ಲಿ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ ಅಥವಾ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯ ತಂಡವು ಗಳಗಂಡವನ್ನೂ ತಪಾಸಣೆ ಮಾಡುತ್ತದೆ.

ಮೊದಲಿಗೆ ರಕ್ತದಲ್ಲಿ ಟಿ.ಎಸ್.ಎಚ್. ಪರೀಕ್ಷೆ ಹಾಗೂ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಲಾಗುವುದು. ಇವುಗಳಿಂದ ಗಂಟಿನ ಸ್ವರೂಪ ಖಚಿತವಾಗುವುದಿಲ್ಲವಾದ್ದರಿಂದ ವೈದ್ಯರು ಎಫ್.ಎನ್.ಎ.ಸಿ. ಎಂಬ ಸೂಜಿ ಪರೀಕ್ಷೆಗೆ ಸೂಚಿಸಬಹುದು. ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಾ ತೆಳುವಾದ ಸೂಜಿಯಿಂದ ಗಂಟಿನ ಜೀವಕೋಶಗಳನ್ನು ಹೊರತೆಗೆದು, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಕೊಯ್ತವಾಗಲಿ ಹೊಲಿಗೆಯಾಗಲಿ ಇರುವುದಿಲ್ಲ. ಚುಚ್ಚುವ ಕೆಲಸವು ಕೆಲವೇ ನಿಮಿಷಗಳದ್ದು. ತೀರಾ ಚಿಕ್ಕ ಮಕ್ಕಳಿಗೆ ನಿದ್ರೆ ಬರಿಸುವ ಔಷಧಿ ಬೇಕಾಗಬಹುದು. ಸೂಜಿ ಚುಚ್ಚಿದರೆ ಗಂಟು ಹರಡುತ್ತದೆಂಬ ಭಯ ಹಳ್ಳಿ, ಪಟ್ಟಣ ಎರಡರಲ್ಲೂ ಇದೆ. ವೈದ್ಯಕೀಯ ಅನುಭವದಲ್ಲಿ ಅಂತಹುದು ಅತ್ಯಂತ ವಿರಳ.

ವರದಿಯನ್ನು ಸಾಮಾನ್ಯವಾಗಿ ಬೆಥೆಸ್ಡಾ ಪದ್ಧತಿಯ ಆರು ವರ್ಗಗಳಲ್ಲಿ ನೀಡಲಾಗುತ್ತದೆ. ಮೊದಲನೆಯ ವರ್ಗವೆಂದರೆ ಮಾದರಿಯು ಸಾಲದು ಎಂದರ್ಥ, ರೋಗವಿಲ್ಲವೆಂದಲ್ಲ. ಪರೀಕ್ಷೆಯನ್ನು ಪುನಃ ಮಾಡಿಸಬೇಕಾಗಬಹುದು. ಎರಡನೆಯದು ನಿರಪಾಯಕಾರಿ, ಆರನೆಯದು ಕ್ಯಾನ್ಸರ್. ನಡುವಣ ವರ್ಗಗಳಲ್ಲಿ ಸೂಜಿಯೊಂದೇ ತೀರ್ಪು ಕೊಡಲಾರದು. ಫಾಲಿಕ್ಯುಲಾರ್ ಎಂಬ ಬಗೆಯ ಗಂಟು ಅಪಾಯಕಾರಿಯೇ ಅಲ್ಲವೇ ಎಂಬುದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗವನ್ನು ಪರೀಕ್ಷಿಸಿದ ನಂತರವೇ ತಿಳಿಯುತ್ತದೆ. ಎರಡನೆಯ ವರ್ಗ ಬಂದ ಮಗುವನ್ನೂ ವೈದ್ಯರು ತಿಳಿಸಿದ ಅವಧಿಗೆ ಮತ್ತೆ ತೋರಿಸತಕ್ಕದ್ದು.

ಹೆಚ್ಚಿನ ಚಿಕಿತ್ಸೆಗಾಗಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಥವಾ ಕಿದ್ವಾಯಿ ಗ್ರಂಥಿ ಸಂಸ್ಥೆಯಂತಹ ಆಸ್ಪತ್ರೆಗೆ ಕಳುಹಿಸಿದಲ್ಲಿ, ವರದಿಯ ಜೊತೆಗೆ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದು ಒಯ್ಯುವುದು. ಅಲ್ಲಿನ ತಜ್ಞರು ಅವನ್ನೇ ಮರುಪರಿಶೀಲಿಸಬಹುದಾದ್ದರಿಂದ ಮಗುವಿಗೆ ಎರಡನೇ ಬಾರಿ ಚುಚ್ಚುವುದು ತಪ್ಪಬಹುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.