‘ಜ್ಯಾಕ್’ ಎಂಬ ನೌಕಾಧ್ವಜದ ಹೆಸರು

ಬ್ರಿಟನ್ನಿನ ಧ್ವಜಕ್ಕೆ ‘ಯೂನಿಯನ್ ಜ್ಯಾಕ್’ ಎಂಬ ಹೆಸರು ಲೋಕವಿದಿತವಾಗಿದೆ. ‘ಯೂನಿಯನ್’ ಎಂದರೆ ಐಕ್ಯವೆಂಬುದು ಸ್ಪಷ್ಟ. ‘ಜ್ಯಾಕ್’ ಎಂಬುದರ ಅರ್ಥವೇನು?

ಇಂಗ್ಲೆಂಡು, ಸ್ಕಾಟ್ಲೆಂಡುಗಳೆರಡಕ್ಕೂ ಒಡೆಯನಾದ ಜೇಮ್ಸ್ ದೊರೆಯು 1606ರಲ್ಲಿ ಉಭಯರಾಜ್ಯಗಳ ಶಿಲುಬೆಗಳನ್ನು ಒಂದುಗೂಡಿಸಿದ ಧ್ವಜವನ್ನು ಹಡಗುಗಳ ನಡುಗೂವೆಯ ಮೇಲೆ ಏರಿಸಬೇಕೆಂದು ಆಜ್ಞಾಪಿಸಿದನು. ಆತನ ಹೆಸರು ಲ್ಯಾಟಿನ್ನಿನಲ್ಲಿ ‘ಜಾಕೋಬಸ್’, ಫ್ರೆಂಚಿನಲ್ಲಿ ‘ಝಾಕ್’ ಎಂದಾಗುವುದು. ಆದುದರಿಂದ ದೊರೆಯ ಹೆಸರೇ ಧ್ವಜಕ್ಕೆ ಬಂದಿತೆಂದು ಕೆಲವರು ಹೇಳುವರು. ಧ್ವನಿಸಾಮ್ಯವೇನೋ ಮನೋಹರವಾಗಿದೆ, ಆದರೆ ಆ ಆಜ್ಞೆಯಲ್ಲಿ ಈ ಶಬ್ದವೇ ಇಲ್ಲ. ದೊರೆಯು 1625ರಲ್ಲಿ ತೀರಿಕೊಂಡನು. ಧ್ವಜಾರ್ಥದಲ್ಲಿ ಈ ಶಬ್ದವು ಕಾಣುವುದು 1633ರ ಒಂದು ನೌಕಾದೇಶದಲ್ಲಿ. ಅಲ್ಲಿಯೂ ಹಡಗಿನ ಮೂತಿಯಿಂದ ಮುಂಚಾಚಿದ ಮರದ ತುದಿಯ ಧ್ವಜಕ್ಕೆ.

ಆಂಗ್ಲಭಾಷೆಯಲ್ಲಿ ‘ಜ್ಯಾಕ್’ ಎಂಬುದು ಜಾನ್ ಎಂಬ ಹೆಸರಿನ ಮುದ್ದುರೂಪ. ಅದು ಸಾಮಾನ್ಯ ಜನರನ್ನು ಕರೆಯುವ ಮಾತಾಗಿ, ಬಳಿಕ ತನ್ನ ಜಾತಿಯಲ್ಲಿ ಕಿರಿದಾದ ವಸ್ತುವಿಗೂ ಸಂದಿತು. ಚೆಂಡುರುಳಿಸುವ ಆಟದಲ್ಲಿ ಗುರಿಯಾಗಿಡುವ ಕಿರುಚೆಂಡಿಗೂ ಇದೇ ಹೆಸರು. ಕೂವೆಮರಗಳ ಮೇಲಣ ಧ್ವಜಗಳಿಗಿಂತ ಮೂತಿಯ ಧ್ವಜವು ಚಿಕ್ಕದು. ಆದುದರಿಂದ ‘ಜ್ಯಾಕ್’ ಎಂದರೆ ‘ಕಿರುಧ್ವಜ’ವೆಂಬುದೇ ಯುಕ್ತವಾದ ಅರ್ಥ.

1674ರ ರಾಜಘೋಷಣೆಯು ಈ ಧ್ವಜವನ್ನು ವರ್ತಕರ ಹಡಗುಗಳಿಗೆ ನಿಷೇಧಿಸುತ್ತ, ‘ಯೂನಿಯನ್ ಜ್ಯಾಕ್’ ಎಂಬುದನ್ನು ಜನರ ವಾಡಿಕೆಯ ಹೆಸರೆಂದು ಹೇಳಿದೆ. ಹೀಗೆ, ಅರಸನ ಗೌರವಚಿಹ್ನೆಗೆ ನಾವಿಕರ ಆಡುಮಾತೇ ಹೆಸರಾಯಿತು. ಶಬ್ದದ ಮೂಲವನ್ನು ನಿರ್ಣಯಿಸುವವರು ಕಿವಿಯೊಂದನ್ನೇ ನಂಬಲಾಗದು. ಕಾಲವನ್ನೂ ಪ್ರಯೋಗವನ್ನೂ ವಿಚಾರಿಸಬೇಕು.