ಹೆರಿಗೆ ಕೋಣೆಯ ಡ್ಯೂಟಿ ಚಾರ್ಟು

ನಮ್ಮಜ್ಜಿ ಸೂಲಗಿತ್ತಿ. ಮೇಲಿನ ಕೇರಿಯಲ್ಲಿ ಯಾರಿಗಾದರೂ ಬೇನೆ ಎದ್ದರೆ ಹಟ್ಟಿಗೆ ಆಳು ಬರುತ್ತಿದ್ದ. ಉಳಿದ ದಿನ ಹೊಸಿಲು ಮುಟ್ಟಗೊಡದ ಮನೆಯೊಳಕ್ಕೆ ಆವತ್ತು ಮಾತ್ರ ಪ್ರವೇಶ. ಹೊಕ್ಕುಳಬಳ್ಳಿ ಕೊಯ್ದು, ಕಸ ಹೂತು, ಒಂದು ಮೊರ ರಾಗಿ, ಒಂದು ಹಳೇ ಸೀರೆ ಹಿಡಿದು ಹೊರಬಂದರೆ ಬೆನ್ನ ಹಿಂದೆಯೇ ಗಂಜಲ ಚಿಮುಕಿಸೋರು. "ಕೈ ಬೇಕು ಕಣಪ್ಪ, ಕೈಯೋಳು ಬ್ಯಾಡ" ಅಂತ ಅಜ್ಜಿ ನಗೋಳು.

ಈ ಕೈಯನ್ನು ಚರಿತ್ರೆ ಹೇಗೆ ಬರೆದುಕೊಂಡಿದೆ? 1903ರಲ್ಲಿ ಲೇಡಿ ಕರ್ಜನ್ ಮುಂದಾಳತ್ವದ ವಿಕ್ಟೋರಿಯಾ ಸ್ಮಾರಕ ನಿಧಿ ದಾಯಿಯರ ತರಬೇತಿಗೆ ಹೊರಟಿತು. 'ಕೊಳಕು ದಾಯಿ' ಎಂಬ ಚಿತ್ರ ವಸಾಹತು ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಂಜೇರಿ ಬಾಣಂತಿಯರು ಸತ್ತದ್ದು ಸುಳ್ಳಲ್ಲ. ಅಜ್ಜಿಯ ಬಳಿ ರಕ್ತಸ್ರಾವ ನಿಲ್ಲಿಸುವ ಔಷಧವೂ ಇರಲಿಲ್ಲ. ಆದರೆ ಹೆರಿಗೆಯನ್ನೇ ಮೈಲಿಗೆ ಎಂದು ಅವಳ ತಲೆಗೆ ಕಟ್ಟಿ, ಬಾವಿಯ ನೀರನ್ನೂ ಶಾಲೆಯ ಅಕ್ಷರವನ್ನೂ ತಪ್ಪಿಸಿದವರು ಯಾರು?

1946ರ ಭೋರ್ ಸಮಿತಿ ಕೈಗಳ ಲೆಕ್ಕ ಹಾಕಿತು. ಆಗ ಸುಮಾರು 43 ಸಾವಿರ ಜನಕ್ಕೆ ಒಬ್ಬರು ನರ್ಸ್. ಬೇಕಾದ್ದು 500 ಜನಕ್ಕೆ ಒಬ್ಬರು. ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಬಸಿರು-ಬಾಣಂತನದಲ್ಲಿ ಸಾಯುತ್ತಿದ್ದರು. ಅಂದರೆ, ಆಳಿನ ಕೊರತೆ ಸ್ವಾತಂತ್ರ್ಯಕ್ಕೆ ಮೊದಲೇ ಸರ್ಕಾರಕ್ಕೆ ಗೊತ್ತಿತ್ತು.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಸಾವು ತಗ್ಗಿದ್ದು ನಿಜ. ಆದರೂ 2018-20ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ನಮ್ಮಲ್ಲಿ 69.

ನನ್ನ ತಂಗಿ ಬಿ.ಪಿ. ಏರಿ ಒಂದು ಸರ್ಕಾರಿ ಆಸ್ಪತ್ರೆ ಸೇರಿದ್ದಳು. ರಾತ್ರಿ ಪಾಳಿ, ಮೂರು ಹೆರಿಗೆ ಟೇಬಲ್ಲಿಗೆ ಒಬ್ಬರೇ ಸಿಸ್ಟರ್. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಒಂದು ಟೇಬಲ್ಲಿಗೆ ಒಬ್ಬರಿರಬೇಕು. ಅದಕ್ಕೆ ಕಾರಣವಿದೆ. ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಕೊಟ್ಟವಳ ಉಸಿರು, ಮೂತ್ರ, ಮೊಣಕಾಲಿನ ಸ್ಪಂದನ ನೋಡುತ್ತಲೇ ಇರಬೇಕು; ಮದ್ದು ಹೆಚ್ಚಾದರೆ ಉಸಿರೇ ನಿಲ್ಲಬಹುದು. ಹೆರಿಗೆಯಾದ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿ.ಪಿ., ಗರ್ಭಕೋಶದ ಬಿಗಿ, ರಕ್ತ ನೋಡಬೇಕು. ಒಬ್ಬಳು ಮೂವರ ಹದಿನೈದು ನಿಮಿಷಗಳನ್ನು ಹೇಗೆ ಕಾಯುತ್ತಾಳೆ?

"ಸಿಸ್ಟರ್, ಈಯಮ್ಮನ ಬಟ್ಟೆ ಪೂರಾ ನೆಂದೋಗೈತೆ!" ಎಂದು ಕೂಗಿದ್ದು ನೆಲ ಒರೆಸಲು ಬಂದಿದ್ದ ಗುತ್ತಿಗೆ ಕೆಲಸದ ಹೆಂಗಸು. ನಮ್ಮ ಕೇರಿಯವಳೇ. ಇನ್ನೊಂದು ಮಗು ಹಿಡಿಯುತ್ತಿದ್ದ ಸಿಸ್ಟರ್ ಅದನ್ನು ಒಪ್ಪಿಸಿ ಓಡಿಬಂದರು. ತಂಗಿ ಉಳಿದಳು. ಉಳಿಯದಿದ್ದರೆ? 'ನರ್ಸ್ ನಿರ್ಲಕ್ಷ್ಯ' ಅಂತ ಒಂದು ಸಾಲು, ಒಂದು ಸಸ್ಪೆನ್ಷನ್. ಖಾಲಿ ಹುದ್ದೆಗಳಿಗೆ ಯಾವ ಶಿಕ್ಷೆಯೂ ಇಲ್ಲ. ಅಂದು ದಾಯಿಯ ಕೊಳಕು, ಇಂದು ನರ್ಸಿನ ನಿರ್ಲಕ್ಷ್ಯ. ತಪ್ಪು ಯಾವಾಗಲೂ ಕೊನೆಯ ಕೈಯದು.

ಅಜ್ಜಿಯ ಕಾಲಕ್ಕೆ ಮರಳಿ ಎಂದು ನಾನು ಹೇಳುತ್ತಿಲ್ಲ. ಅದು ಬಿಟ್ಟಿಯ ಕಾಲ. ಆದರೆ ಬೆಳಗಿನ ತನಕ ಪಕ್ಕ ಕೂತಿರುವುದು ಅವಳ ಕಸುಬಿನ ಅರ್ಧ ಭಾಗ. ಆಸ್ಪತ್ರೆ ಮದ್ದು ತಂದಿತು, ಕೂರುವವರನ್ನು ತರಲಿಲ್ಲ. ಆ ಖಾಲಿ ಜಾಗವನ್ನು ಇವತ್ತು ಕಸಬರಿಕೆ ಹಿಡಿದವಳು ತುಂಬುತ್ತಿದ್ದಾಳೆ, ಯಾವ ರಿಜಿಸ್ಟರಿಗೂ ಸೇರದೆ.

ದಲಿತ ವಿಮರ್ಶೆ ಕಾವ್ಯ, ಕಾದಂಬರಿಗಳನ್ನು ಓದಿದ ಕಣ್ಣಿನಲ್ಲೇ ಹೆರಿಗೆ ಕೋಣೆಯ ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟನ್ನೂ ಓದಬೇಕು. ಅಲ್ಲಿ ಬಿಟ್ಟಿರುವ ಖಾಲಿ ಮನೆಗಳಲ್ಲಿ ನಮ್ಮ ಹೆಂಗಸರ ಸಾವು ಬರೆದಿದೆ.